ವಿಲಿಯಂ ಕಾನ್ರಾಡ್

ಅಮೆರಿಕದ ರೇಡಿಯೋ, ಸಿನಿಮಾ ಮತ್ತು ಟೆಲಿವಿಷನ್ ನಟ (1920–1994). ನಿರ್ದೇಶಕ, ನಿರ್ಮಾಪಕ ಹಾಗೂ ನಿರೂಪಕನಾಗಿಯೂ ಕೆಲಸ ಮಾಡಿದವನು. 1952ರಿಂದ 1961ರವರೆಗೆ ‘ಗನ್‌ಸ್ಮೋಕ್’ ಎಂಬ ರೇಡಿಯೋ ನಾಟಕಮಾಲೆಯಲ್ಲಿ ಮಾರ್ಷಲ್ ಮ್ಯಾಟ್ ಡಿಲ್ಲನ್‌ನ ಪಾತ್ರ ಮಾಡಿ ಹೆಸರಾದ. ಹತ್ತು ವರ್ಷಗಳ ನಂತರ ‘ಕ್ಯಾನನ್’ ಧಾರಾವಾಹಿಯ ಖಾಸಗಿ ಪತ್ತೇದಾರನಾಗಿ ಮತ್ತೊಮ್ಮೆ, ಈ ಬಾರಿ ಮುಖಪರಿಚಯದೊಂದಿಗೆ, ಮನೆಮಾತಾದ. ರೇಡಿಯೋ ನಾಟಕ ಕ್ಷೀಣಿಸಿ ಟೆಲಿವಿಷನ್ ಮೇಲೆದ್ದ ಆ ನಡುವಿನ ವರ್ಷಗಳಲ್ಲಿ ದನಿಯನ್ನೇ ನಂಬಿಕೊಂಡ ನಟರಿಗೆ ಏನಾಯಿತು ಎಂದು ತಿಳಿಯಬಯಸುವವರು ಕಾನ್ರಾಡನ ಬದುಕನ್ನು ನೋಡಬೇಕು. ಈತನ ಅತ್ಯುತ್ತಮ ಅಭಿನಯವನ್ನು ಯಾರೂ ಕಣ್ಣಿನಿಂದ ಕಂಡಿಲ್ಲ. ಅದು ಕೇವಲ ಕೇಳಲು ಉಳಿದಿದೆ.

ಆರಂಭದ ವರ್ಷಗಳು

ಹುಟ್ಟಿದ್ದು 1920ರ ಸೆಪ್ಟೆಂಬರ್ 27ರಂದು, ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಮನೆಯಲ್ಲಿಟ್ಟ ಹೆಸರು ಜಾನ್ ವಿಲಿಯಂ ಕ್ಯಾನ್. ತಂದೆತಾಯಿ ಚಿತ್ರಮಂದಿರ ನಡೆಸುತ್ತಿದ್ದರು. ಹುಡುಗನಿನ್ನೂ ಹೈಸ್ಕೂಲಿನಲ್ಲಿದ್ದಾಗ ಕುಟುಂಬ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂತು. ಫುಲರ್ಟನ್ ಕಾಲೇಜಿನಲ್ಲಿ ನಾಟಕ ಮತ್ತು ಸಾಹಿತ್ಯ ಓದಿ, ಲಾಸ್ ಏಂಜಲೀಸ್‌ನ ಕೆಎಂಪಿಸಿ ಎಂಬ ರೇಡಿಯೋ ನಿಲಯ ಸೇರಿದ. ಅಲ್ಲಿ ಉದ್ಘೋಷಣೆ, ಬರವಣಿಗೆ, ನಿರ್ದೇಶನ ಎಲ್ಲವೂ ಈತನ ಪಾಲಿಗೆ ಬಂದವು. 1943ರಲ್ಲಿ ಸೇನೆಯ ವಾಯುದಳ ಸೇರಿ ಯುದ್ಧವಿಮಾನದ ಪೈಲಟ್ ಆದ. 1945ರಲ್ಲಿ ಕ್ಯಾಪ್ಟನ್ ಹುದ್ದೆಯಿಂದ ಬಿಡುಗಡೆ ಹೊಂದುವ ಹೊತ್ತಿಗೆ ಸೈನಿಕರಿಗಾಗಿ ನಡೆಯುತ್ತಿದ್ದ ಸಶಸ್ತ್ರ ಪಡೆಗಳ ರೇಡಿಯೋ ಸೇವೆಯಲ್ಲಿ ನಿರ್ಮಾಪಕ-ನಿರ್ದೇಶಕನಾಗಿದ್ದ. ಮುಂದೆ ಬದುಕು ಕಟ್ಟಿಕೊಟ್ಟ ಕಸುಬು ಈ ಎರಡು ನೆಲೆಗಳಲ್ಲೇ ಕೈವಶವಾಗಿತ್ತು.

ರೇಡಿಯೋ

ಯುದ್ಧ ಮುಗಿದಾಗ ಹಾಲಿವುಡ್‌ನಲ್ಲಿ ಸಿನಿಮಾ ಸ್ಟುಡಿಯೋಗಳಷ್ಟೇ ಬಿಡುವಿಲ್ಲದೆ ರೇಡಿಯೋ ನಾಟಕದ ಸ್ಟುಡಿಯೋಗಳೂ ನಡೆಯುತ್ತಿದ್ದವು. ಸನ್‌ಸೆಟ್ ಬುಲೆವಾರ್ಡಿನಲ್ಲಿ 1938ರಲ್ಲಿ ಆರಂಭವಾದ ಸಿಬಿಎಸ್ ಸಂಸ್ಥೆಯ ಕೊಲಂಬಿಯಾ ಸ್ಕ್ವೇರ್ ಅದರ ಒಂದು ಮುಖ್ಯ ಕೇಂದ್ರ. ಪತ್ತೇದಾರಿ ಕಥೆ, ಸಾಹಸ, ದೆವ್ವಭೂತ, ಪ್ರೇಮ, ಕೌಬಾಯ್ ನಾಟಕ ಇವೆಲ್ಲವನ್ನೂ ದಡ ಮುಟ್ಟಿಸುತ್ತಿದ್ದುದು ಒಂದು ಸಣ್ಣ ನುರಿತ ಗುಂಪು. ಇಲ್ಲಿ ಮಾತು ಬಾಯಿಪಾಠ ಮಾಡಬೇಕಿಲ್ಲ, ಮುಖಕ್ಕೆ ಬಣ್ಣ ಬೇಕಿಲ್ಲ. ಹಾಳೆ ಕೈಯಲ್ಲಿ ಹಿಡಿದು, ಅದರ ಸದ್ದು ಮೈಕಿಗೆ ಕೇಳಿಸದಂತೆ ತಿರುವುತ್ತ, ಒಂದೆರಡು ತಾಲೀಮಿನ ನಂತರ ನೇರ ಪ್ರಸಾರಕ್ಕೆ ನಿಲ್ಲಬೇಕು. ಒಂದೇ ನಾಟಕದಲ್ಲಿ ಪೊಲೀಸನೂ ಕಳ್ಳನೂ ಒಬ್ಬನೇ ಆಗಿರುವುದುಂಟು. ಸಂಜೆ ಒಂದು ನಿಲಯದಲ್ಲಿ ಸತ್ತವನು ಅರ್ಧ ಗಂಟೆಯ ನಂತರ ಇನ್ನೊಂದು ನಿಲಯದಲ್ಲಿ ನ್ಯಾಯಾಧೀಶನಾಗುತ್ತಿದ್ದ. ಕಾನ್ರಾಡನೇ ಮಾಡಿಕೊಂಡ ಅಂದಾಜಿನ ಪ್ರಕಾರ ಈತ ರೇಡಿಯೋದಲ್ಲಿ ಮಾಡಿದ ಪಾತ್ರಗಳು 7,500ಕ್ಕೂ ಹೆಚ್ಚು.

ಈತನದು ತಗ್ಗಿನ, ದಪ್ಪ ಕಂಠ. ಅಂಥ ಕಂಠ ಉಳ್ಳವರು ಆಗ ಬೇರೆಯವರೂ ಇದ್ದರು. ಕಾನ್ರಾಡನನ್ನು ಬೇರೆಯಾಗಿಸಿದ್ದು ಆ ಕಂಠವನ್ನು ಆತ ತಡೆಹಿಡಿದ ಬಗೆ. ರಂಗಭೂಮಿಯಿಂದ ಬಂದ ಹಲವರು ಮೈಕಿನ ಮುಂದೆಯೂ ಕಡೇ ಸಾಲಿನ ಪ್ರೇಕ್ಷಕನಿಗೆ ಕೇಳಿಸುವಂತೆ ಮಾತಾಡುತ್ತಿದ್ದರು. ಕಾನ್ರಾಡ್ ಮೈಕಿನ ಹತ್ತಿರಕ್ಕೆ ಬಂದು, ಎದುರು ಕೂತವನಿಗೆ ಹೇಳುವಷ್ಟೇ ದನಿಯಲ್ಲಿ ಹೇಳುತ್ತಿದ್ದ. ಸಿಟ್ಟು ಬಂದಾಗ ಇತರರ ದನಿ ಏರುತ್ತಿತ್ತು, ಈತನದು ಇನ್ನಷ್ಟು ಇಳಿಯುತ್ತಿತ್ತು.

1947ರಲ್ಲಿ ಸಿಬಿಎಸ್‌ನಲ್ಲಿ ಆರಂಭವಾದ ‘ಎಸ್ಕೇಪ್’ ಎಂಬ ಸಾಹಸ ನಾಟಕಮಾಲೆ ಈತನ ಶಕ್ತಿಯನ್ನು ಮೊದಲು ತೋರಿಸಿತು. ಅದರ ಆರಂಭದ ಘೋಷಣೆಯನ್ನು ಕಾನ್ರಾಡ್ ಮತ್ತು ಪಾಲ್ ಫ್ರೀಸ್ ಎಂಬ ಇನ್ನೊಬ್ಬ ಧ್ವನಿನಟ ಸರದಿಯಂತೆ ಮಾಡುತ್ತಿದ್ದರು. 1948ರ ಜನವರಿ 14ರಂದು ಪ್ರಸಾರವಾದ ‘ಲೈನಿಂಗನ್ ವರ್ಸಸ್ ದಿ ಆ್ಯಂಟ್ಸ್’ ಈ ಮಾಲೆಯ ಕಿರೀಟಪ್ರಾಯವಾದ ನಾಟಕ. ಕಾರ್ಲ್ ಸ್ಟೀಫನ್‌ಸನ್ ಬರೆದ ಕಥೆ ಅದರ ಮೂಲ. ಬ್ರೆಜಿಲ್‌ನ ಕಾಡಿನಂಚಿನ ತೋಟದ ಒಡೆಯನೊಬ್ಬ ಮೈಲಿಗಟ್ಟಲೆ ಹರಡಿ ಬರುವ ಇರುವೆಗಳ ದಂಡನ್ನು ಎದುರಿಸಿ ನಿಲ್ಲುವ ಕಥೆ ಅದು. ಇರುವೆಗಳಿಗೆ ದನಿಯಿಲ್ಲ, ಅವುಗಳಿಗೆ ಸಂಭಾಷಣೆಯೂ ಇಲ್ಲ. ಅವು ಎಷ್ಟು ಹತ್ತಿರ ಬಂದವು ಎಂಬುದು ಕೇಳುಗನಿಗೆ ಗೊತ್ತಾಗಬೇಕಾದ್ದು ಮುಖ್ಯವಾಗಿ ನಾಯಕನ ಮಾತಿನಿಂದ, ಉಸಿರಿನಿಂದ. ಮೊದಮೊದಲು ತನ್ನ ಬುದ್ಧಿಯ ಮೇಲಿನ ಜಂಬದಿಂದ ತುಂಬಿದ ದನಿ, ಇರುವೆಗಳನ್ನು ತಡೆಯಲು ತೋಡಿಸಿದ ಕಾಲುವೆಗಳು ಒಂದೊಂದಾಗಿ ಸೋತಂತೆ, ಒಣಗುತ್ತ ಹೋಗುವುದನ್ನು ಕಾನ್ರಾಡ್ ಅರ್ಧ ಗಂಟೆಯಲ್ಲಿ ಸಾಧಿಸಿದ.

ಇದೇ ಕಥೆ 1954ರಲ್ಲಿ ‘ದಿ ನೇಕೆಡ್ ಜಂಗಲ್’ ಎಂಬ ಹೆಸರಿನಲ್ಲಿ ಸಿನಿಮಾ ಆಯಿತು. ಬೈರನ್ ಹಾಸ್ಕಿನ್ ನಿರ್ದೇಶನದ ಆ ಚಿತ್ರದಲ್ಲಿ ಲೈನಿಂಗನ್‌ನ ಪಾತ್ರ ಚಾರ್ಲ್‌ಟನ್ ಹೆಸ್ಟನ್‌ಗೆ ಹೋಯಿತು. ಕಾನ್ರಾಡನಿಗೆ ಸಿಕ್ಕಿದ್ದು ಅಲ್ಲಿನ ಸರ್ಕಾರಿ ಅಧಿಕಾರಿಯ ಪೋಷಕ ಪಾತ್ರ. ಮರುವರ್ಷ ‘ಗನ್‌ಸ್ಮೋಕ್’ನ ವಿಷಯದಲ್ಲೂ ಹೀಗೆಯೇ, ಇನ್ನೂ ದೊಡ್ಡ ಪ್ರಮಾಣದಲ್ಲಿ ಆಯಿತು.

ಗನ್‌ಸ್ಮೋಕ್

ಕೌಬಾಯ್ ನಾಟಕಗಳೆಂದರೆ ಮಕ್ಕಳ ಮನರಂಜನೆ ಎಂಬ ಭಾವನೆ ಅಮೆರಿಕದ ರೇಡಿಯೋದಲ್ಲಿ ಬಹುಕಾಲ ಇತ್ತು. ದೊಡ್ಡವರು ಕೇಳಬಹುದಾದ, ರೇಮಂಡ್ ಚಾಂಡ್ಲರ್‌ನ ಪತ್ತೇದಾರ ಫಿಲಿಪ್ ಮಾರ್ಲೋನ ಗಡಸುತನ ಉಳ್ಳ ಒಂದು ಪಶ್ಚಿಮದ ಕಥೆ ಬೇಕೆಂಬ ಅಪೇಕ್ಷೆ ಸಿಬಿಎಸ್‌ನ ಮುಖ್ಯಸ್ಥ ವಿಲಿಯಂ ಪೇಲಿಯದು. 1949ರಲ್ಲಿ ಅದಕ್ಕಾಗಿ ಪರೀಕ್ಷಾರ್ಥ ಮುದ್ರಣಗಳೂ ಆದವು. ಆಗ ಮೆಚ್ಚುಗೆಯಾದ ನಟ ಹೊವಾರ್ಡ್ ಕಲ್ವರ್ ಇನ್ನೊಂದು ಕೌಬಾಯ್ ನಾಟಕದ ಕರಾರಿಗೆ ಕಟ್ಟುಬಿದ್ದಿದ್ದರಿಂದ ಯೋಜನೆ ಕಪಾಟು ಸೇರಿತು. ಮೂರು ವರ್ಷದ ನಂತರ ಅದನ್ನು ಮತ್ತೆ ಎತ್ತಿಕೊಂಡವರು ನಿರ್ಮಾಪಕ-ನಿರ್ದೇಶಕ ನಾರ್ಮನ್ ಮ್ಯಾಕ್‌ಡೊನೆಲ್ ಮತ್ತು ಲೇಖಕ ಜಾನ್ ಮೆಸ್ಟನ್. ಇಬ್ಬರಿಗೂ ಕಾನ್ರಾಡನೇ ಬೇಕಾಗಿತ್ತು. ಸಂಸ್ಥೆಗೆ ಮಾತ್ರ ಹಿಂಜರಿಕೆ: ಈತನ ದನಿ ಆಗಲೇ ಎಲ್ಲ ನಾಟಕಗಳಲ್ಲೂ ಕೇಳಿಬರುತ್ತಿದೆ, ಹೊಸ ನಾಯಕನಿಗೆ ಹಳೆಯ ದನಿ ಯಾಕೆ ಎಂಬುದು. ಕೊನೆಗೆ ಆ ದನಿಯೇ ಗೆದ್ದಿತು. 1952ರ ಏಪ್ರಿಲ್ 26ರಂದು ಮೊದಲ ಕಂತು ಪ್ರಸಾರವಾಯಿತು.

ಕಥೆ ನಡೆಯುವುದು 1870ರ ದಶಕದ ಕ್ಯಾನ್ಸಸ್ ರಾಜ್ಯದ ಡಾಜ್ ಸಿಟಿಯಲ್ಲಿ. ದನದ ಹಿಂಡು ಹೊಡೆದುಕೊಂಡು ಬರುವ ಕೌಬಾಯ್‌ಗಳು, ಜೂಜುಗಾರರು, ಬರ ಕಂಡು ಕಂಗೆಟ್ಟ ರೈತರು, ಸೇನೆಯಿಂದ ಓಡಿಬಂದವರು ಸೇರುವ ಊರು ಅದು. ಅಲ್ಲಿನ ಮಾರ್ಷಲ್ ಮ್ಯಾಟ್ ಡಿಲ್ಲನ್. ಅವನ ಸಹಾಯಕ ಚೆಸ್ಟರ್‌ನ ಪಾತ್ರ ಪಾರ್ಲಿ ಬೇರ್‌ಗೆ, ವೈದ್ಯ ಡಾಕ್‌ನ ಪಾತ್ರ ಹೊವಾರ್ಡ್ ಮ್ಯಾಕ್‌ನಿಯರ್‌ಗೆ, ಸಲೂನಿನಲ್ಲಿ ಬದುಕು ನಡೆಸುವ ಕಿಟ್ಟಿಯ ಪಾತ್ರ ಜಾರ್ಜಿಯಾ ಎಲಿಸ್‌ಗೆ. ಒಂಬತ್ತು ವರ್ಷವೂ ಈ ನಾಲ್ವರೇ ಮುಖ್ಯ ಪಾತ್ರಗಳಲ್ಲಿ ಉಳಿದರು.

ಮೆಸ್ಟನ್ ಬರೆದ ಡಿಲ್ಲನ್ ಗೆಲ್ಲುತ್ತಲೇ ಹೋಗುವ ವೀರನಲ್ಲ. ಅವನು ಎಷ್ಟೋ ಸಲ ತಡವಾಗಿ ತಲುಪುತ್ತಾನೆ, ಕೊಲ್ಲಬಾರದವನನ್ನು ಕೊಲ್ಲಬೇಕಾಗುತ್ತದೆ, ತಪ್ಪಿತಸ್ಥ ಯಾರೆಂದು ಗೊತ್ತಿದ್ದೂ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಊರಿಗೆ ಅವನ ಬಂದೂಕು ಬೇಕು, ಅವನು ಬೇಡ. ಕಾನ್ರಾಡ್ ಇದನ್ನು ಒಳಗಿನಿಂದ ಅರ್ಥ ಮಾಡಿಕೊಂಡು ಡಿಲ್ಲನ್‌ಗೆ ಒಂದು ದಣಿವನ್ನು ಕೊಟ್ಟ. ಅದು ದೇಹದ ದಣಿವಲ್ಲ, ಮನುಷ್ಯರು ಒಬ್ಬರಿಗೊಬ್ಬರು ಮಾಡುವುದನ್ನು ದಿನವೂ ನೋಡಬೇಕಾದವನ ದಣಿವು. 1952ರ ಡಿಸೆಂಬರ್‌ನಲ್ಲಿ ಪ್ರಸಾರವಾದ ‘ದಿ ಕ್ಯಾಬಿನ್’ ಎಂಬ ಕಂತಿನಲ್ಲಿ ಹಿಮಗಾಳಿಗೆ ಸಿಕ್ಕಿದ ಡಿಲ್ಲನ್ ಆಶ್ರಯ ಹುಡುಕಿ ಒಂದು ಗುಡಿಸಲಿಗೆ ಬರುತ್ತಾನೆ. ಒಳಗೆ ಇಬ್ಬರು ಕೊಲೆಗಡುಕರು, ಅವರ ಕೈಗೆ ಸಿಕ್ಕ ಒಬ್ಬ ಹುಡುಗಿ. ಅಂಥ ಕಥೆಯನ್ನು ರಾತ್ರಿ ರೇಡಿಯೋದಲ್ಲಿ ಹೇಳುವ ಧೈರ್ಯ ಆಗಿನ ಕಾಲಕ್ಕೆ ಸಣ್ಣದಲ್ಲ. ಅದನ್ನು ರೋಚಕತೆಗೆ ಬಿಟ್ಟುಕೊಡದೆ ಮರುಕಕ್ಕೆ ತಂದದ್ದು ಕಾನ್ರಾಡನ ಸಂಯಮ.

ಈ ನಾಟಕಮಾಲೆಯ ಧ್ವನಿಪರಿಣಾಮದ ಬಗ್ಗೆಯೂ ಹೇಳಲೇಬೇಕು. ರೇ ಕೆಂಪರ್, ಟಾಮ್ ಹ್ಯಾನ್ಲಿ, ಬಿಲ್ ಜೇಮ್ಸ್ ಮೊದಲಾದ ಧ್ವನಿ ಕಲಾವಿದರು ಮರದ ಹಲಗೆಯ ಮೇಲಿನ ಬೂಟಿನ ಹೆಜ್ಜೆ, ರಿಕಾಪಿನ ಚರ್ಮದ ಕಿರಿಕಿರಿ, ದೂರದ ನಾಯಿಯ ಬೊಗಳು ಇವನ್ನೆಲ್ಲ ಅವಸರವಿಲ್ಲದೆ ಕೇಳಿಸುತ್ತಿದ್ದರು. ಮಾತಿನ ನಡುವೆ ಬಿಟ್ಟ ಮೌನಗಳು ಆ ಕಾಲದ ರೇಡಿಯೋಗೆ ಅಸಾಧಾರಣವೆನ್ನುವಷ್ಟು ಉದ್ದ. ಉಳಿದ ನಾಟಕಗಳು ಖಾಲಿ ಜಾಗ ಕಂಡರೆ ಸಂಗೀತ ತುಂಬುತ್ತಿದ್ದವು. ಇಲ್ಲಿ ಡಿಲ್ಲನ್ ನಡೆದುಹೋಗುವಷ್ಟೂ ಹೊತ್ತು ಹೆಜ್ಜೆಯ ಸದ್ದು ಮಾತ್ರ. ಆ ಮೌನವನ್ನು ಹೊತ್ತು ನಿಲ್ಲಬಲ್ಲ ನಟ ಸಿಕ್ಕಿದ್ದರಿಂದಲೇ ಆ ಶೈಲಿ ಸಾಧ್ಯವಾಯಿತು ಎಂಬುದರಲ್ಲಿ ಅನುಮಾನವಿಲ್ಲ.

1955ರಲ್ಲಿ ಸಿಬಿಎಸ್ ಇದನ್ನು ಟೆಲಿವಿಷನ್‌ಗೆ ತರಲು ಹೊರಟಿತು. ರೇಡಿಯೋದ ನಟರಿಗೆ ಕ್ಯಾಮೆರಾ ಪರೀಕ್ಷೆ ನಡೆಯಿತಾದರೂ ನಾಲ್ವರಲ್ಲಿ ಒಬ್ಬರಿಗೂ ಅವಕಾಶ ಸಿಗಲಿಲ್ಲ. ಮೂರು ವರ್ಷಗಳಿಂದ ಕೇಳುಗರು ಡಿಲ್ಲನ್‌ನನ್ನು ಎತ್ತರದ, ಕಟ್ಟುಮಸ್ತಾದ ಆಳೆಂದು ಕಲ್ಪಿಸಿಕೊಂಡಿದ್ದರು. ಕಾನ್ರಾಡ್ ಎತ್ತರದಲ್ಲಿ ಸಾಮಾನ್ಯ, ಮೈಯಲ್ಲಿ ದಪ್ಪ. ಶಾರೀರಕ್ಕೆ ಒಲಿದ ಪಾತ್ರ ಶರೀರಕ್ಕೆ ಒಲಿಯಲಿಲ್ಲ. ಆರೂವರೆ ಅಡಿ ಎತ್ತರದ ಜೇಮ್ಸ್ ಆರ್ನೆಸ್ ಡಿಲ್ಲನ್ ಆದ. 1955ರ ಸೆಪ್ಟೆಂಬರ್ 10ರಂದು ಆರಂಭವಾದ ಆ ಧಾರಾವಾಹಿ 1975ರವರೆಗೆ ಇಪ್ಪತ್ತು ಋತುಗಳ ಕಾಲ ನಡೆಯಿತು. ಇಂದು ಮ್ಯಾಟ್ ಡಿಲ್ಲನ್ ಎಂದರೆ ಅಮೆರಿಕದ ಬಹುತೇಕ ಜನರಿಗೆ ನೆನಪಾಗುವುದು ಆರ್ನೆಸ್‌ನ ಮುಖ.

ಆದರೂ ರೇಡಿಯೋದ ‘ಗನ್‌ಸ್ಮೋಕ್’ ನಿಲ್ಲಲಿಲ್ಲ. ಟೆಲಿವಿಷನ್ ಆವೃತ್ತಿ ಜನಪ್ರಿಯತೆಯ ತುದಿಯಲ್ಲಿದ್ದ ವರ್ಷಗಳಲ್ಲೂ ಕಾನ್ರಾಡ್ ವಾರವಾರ ಸ್ಟುಡಿಯೋಗೆ ಬಂದು ಅದೇ ಡಿಲ್ಲನ್‌ನ ಪಾತ್ರ ಮಾಡಿದ. ಹೀಗೆ ಆರು ವರ್ಷ ದೇಶದಲ್ಲಿ ಇಬ್ಬರು ಡಿಲ್ಲನ್‌ಗಳಿದ್ದರು. ತನ್ನನ್ನು ಬೇಡವೆಂದ ಪಾತ್ರವನ್ನು ಹಾಗೆ ಆರು ವರ್ಷ ಮುಂದುವರಿಸಿದ ನಟನ ಕೆಲಸದಲ್ಲಿ ಉದಾಸೀನದ ಗುರುತು ಕಾಣುವುದಿಲ್ಲ; ಕೊನೆಯ ವರ್ಷಗಳ ಕಂತುಗಳು ಮೊದಲಿನವುಗಳಷ್ಟೇ ಎಚ್ಚರದಿಂದ ಮಾಡಿದಂಥವು. 1961ರ ಜೂನ್ 18ರಂದು ಕೊನೆಯ ಕಂತು. ಒಟ್ಟು ಪ್ರಸಾರ ಸುಮಾರು 480. ಮರುವರ್ಷ, 1962ರ ಸೆಪ್ಟೆಂಬರ್ 30ರಂದು, ಸಿಬಿಎಸ್ ತನ್ನ ಕೊನೆಯ ಎರಡು ರೇಡಿಯೋ ನಾಟಕಮಾಲೆಗಳನ್ನೂ ಮುಚ್ಚಿತು. ಮೂವತ್ತು ವರ್ಷ ಬಾಳಿದ ಒಂದು ಕಲೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಸಿನಿಮಾ

ತೆರೆಯ ಮೇಲೆ ಕಾನ್ರಾಡನಿಗೆ ಗಮನ ತಂದುಕೊಟ್ಟದ್ದು ರಾಬರ್ಟ್ ಸಿಯೋಡ್ಮಾಕ್ ನಿರ್ದೇಶನದ ‘ದಿ ಕಿಲ್ಲರ್ಸ್’ (1946). ಬರ್ಟ್ ಲ್ಯಾಂಕಾಸ್ಟರ್‌ನ ಮೊದಲ ಚಿತ್ರವೂ ಅದೇ. ಅರ್ನೆಸ್ಟ್ ಹೆಮಿಂಗ್ವೆಯ ಸಣ್ಣಕತೆಯನ್ನು ನಿಷ್ಠೆಯಿಂದ ಅನುಸರಿಸುವ ಆರಂಭದ ದೃಶ್ಯದಲ್ಲಿ ಇಬ್ಬರು ಬಾಡಿಗೆ ಕೊಲೆಗಾರರು ಸಣ್ಣ ಊರಿನ ಹೋಟೆಲಿಗೆ ಬಂದು, ಊಟದ ಪಟ್ಟಿಯ ಬಗ್ಗೆ ಕೆಣಕಿ ಮಾತಾಡುತ್ತ ಎಲ್ಲರನ್ನೂ ಹೆದರಿಸುತ್ತಾರೆ. ಒಬ್ಬ ಚಾರ್ಲ್ಸ್ ಮ್ಯಾಕ್‌ಗ್ರಾ, ಇನ್ನೊಬ್ಬ ಕಾನ್ರಾಡ್. ಹೆಮಿಂಗ್ವೆಯ ಮಾತು ರೇಡಿಯೋ ನಟನಿಗೆ ಹೇಳಿ ಮಾಡಿಸಿದಂತಿದೆ: ಚಿಕ್ಕ ವಾಕ್ಯ, ಮತ್ತೆ ಮತ್ತೆ ಬರುವ ಪದ, ಒಳಗೆ ಬಚ್ಚಿಟ್ಟ ಬೆದರಿಕೆ. ಕಾನ್ರಾಡ್ ಅದನ್ನು ದನಿಯೇರಿಸದೆ ಆಡಿದ್ದಾನೆ. ಕಪ್ಪುಬಿಳುಪಿನ ಅಪರಾಧ ಚಿತ್ರಗಳ ಆ ಯುಗದಲ್ಲಿ ಅಷ್ಟು ಭಯ ಹುಟ್ಟಿಸಿದ ದೃಶ್ಯಗಳು ಕಡಿಮೆ.

ಅಲ್ಲಿಂದ ಮುಂದೆ ಖಳನ ಪಾತ್ರಗಳೇ ಹೆಚ್ಚಾಗಿ ಬಂದವು. ‘ಬಾಡಿ ಅಂಡ್ ಸೋಲ್’ (1947), ‘ಸಾರಿ, ರಾಂಗ್ ನಂಬರ್’ (1948), ‘ಟೆನ್ಷನ್’ (1949), ‘ಕ್ರೈ ಡೇಂಜರ್’ (1951), ‘ದಿ ರ್‍ಯಾಕೆಟ್’ (1951) ಇವುಗಳಲ್ಲಿ ಗೂಂಡಾ, ಭ್ರಷ್ಟ ಅಧಿಕಾರಿ, ಪೊಲೀಸ್ ಹೀಗೆ ಒಂದೇ ಕೇರಿಯ ಜನ. ‘ಸಾರಿ, ರಾಂಗ್ ನಂಬರ್’ ಮೂಲದಲ್ಲಿ ಪ್ರಸಿದ್ಧ ರೇಡಿಯೋ ನಾಟಕ. ಅದರ ರೇಡಿಯೋ ನಾಯಕಿ ಆಗ್ನೆಸ್ ಮೂರ್‌ಹೆಡ್ ಕೂಡ ಸಿನಿಮಾದಲ್ಲಿ ತನ್ನ ಪಾತ್ರವನ್ನು ಬಾರ್ಬರಾ ಸ್ಟ್ಯಾನ್‌ವಿಕ್‌ಗೆ ಕಳೆದುಕೊಂಡಳು. ಕಾನ್ರಾಡನಿಗೆ ಆದದ್ದು ಅವನೊಬ್ಬನ ದುರದೃಷ್ಟವಾಗಿರಲಿಲ್ಲ.

‘ದಿ ರೈಡ್ ಬ್ಯಾಕ್’ (1957) ಇವೆಲ್ಲಕ್ಕಿಂತ ಬೇರೆ. ಡಿಲ್ಲನ್‌ನ ಪಾತ್ರ ಕೈತಪ್ಪಿದ ಎರಡು ವರ್ಷಕ್ಕೆ ಕಾನ್ರಾಡ್ ತಾನೇ ನಿರ್ಮಾಪಕನಾಗಿ, ತಾನೇ ನಾಯಕನಾಗಿ ಮಾಡಿದ ಕೌಬಾಯ್ ಚಿತ್ರ ಇದು. ನಿರ್ದೇಶನ ಆಲನ್ ಮೈನರ್, ಚಿತ್ರಕಥೆ ರೇಡಿಯೋ ಸಂಗಾತಿ ಆಂಟನಿ ಎಲಿಸ್. ಮೆಕ್ಸಿಕೋದಲ್ಲಿ ಅಡಗಿದ ಅಪರಾಧಿಯೊಬ್ಬನನ್ನು ಟೆಕ್ಸಸ್‌ಗೆ ಹಿಡಿದು ತರಬೇಕಾದ ಡೆಪ್ಯುಟಿ ಷೆರೀಫ್ ಕಥಾನಾಯಕ. ಕೈದಿಯ ಪಾತ್ರದಲ್ಲಿ ಆಂಟನಿ ಕ್ವಿನ್. ಕೈದಿಗೆ ಜನರ ಪ್ರೀತಿ ಇದೆ, ಆತ್ಮವಿಶ್ವಾಸವಿದೆ. ಹಿಡಿದವನು ಬಾಳಿನಲ್ಲಿ ಯಾವುದನ್ನೂ ಸರಿಯಾಗಿ ಮುಗಿಸಿದವನಲ್ಲ. ವೀರತ್ವದ ಪೋಷಾಕೇ ಇಲ್ಲದ ಇಂಥ ನಾಯಕನನ್ನು ಕಾನ್ರಾಡ್ ತನಗಾಗಿ ಆರಿಸಿಕೊಂಡದ್ದು ಗಮನಾರ್ಹ. ಈತನ ಸಿನಿಮಾಗಳಲ್ಲಿ ಹೆಚ್ಚು ನೋಡಬೇಕಾದದ್ದು, ಹೆಚ್ಚು ಮರೆತುಹೋದದ್ದು ಎರಡೂ ಇದೇ.

1950ರ ದಶಕದ ಕೊನೆಯಿಂದ ಈತ ಟೆಲಿವಿಷನ್ ನಿರ್ದೇಶನಕ್ಕೆ ತಿರುಗಿದ. ‘ಬ್ಯಾಟ್ ಮಾಸ್ಟರ್‌ಸನ್’, ‘ನೇಕೆಡ್ ಸಿಟಿ’, ‘ರೂಟ್ 66’ ಮೊದಲಾದ ಧಾರಾವಾಹಿಗಳ ಕಂತುಗಳಲ್ಲದೆ, ಆರ್ನೆಸ್ ನಟಿಸಿದ ‘ಗನ್‌ಸ್ಮೋಕ್’ನ ಎರಡು ಕಂತುಗಳನ್ನೂ ನಿರ್ದೇಶಿಸಿದ. 1965ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಗೆ ಒಂದೇ ವರ್ಷ ಮೂರು ಚಿತ್ರ ಮಾಡಿಕೊಟ್ಟ: ‘ಟೂ ಆನ್ ಎ ಗಿಲ್ಲಟಿನ್’, ‘ಮೈ ಬ್ಲಡ್ ರನ್ಸ್ ಕೋಲ್ಡ್’, ‘ಬ್ರೈನ್‌ಸ್ಟಾರ್ಮ್’. ಮೊದಲೆರಡು ಸಾಧಾರಣ. ಹುಚ್ಚನಂತೆ ನಟಿಸಲು ಹೋಗಿ ನಿಜಕ್ಕೂ ಹುಚ್ಚಿನ ಅಂಚಿಗೆ ಬರುವವನ ಕಥೆಯಾದ ‘ಬ್ರೈನ್‌ಸ್ಟಾರ್ಮ್’ ಮಾತ್ರ ಹಳೆಯ ಅಪರಾಧ ಚಿತ್ರಗಳ ಸತ್ವ ಉಳಿಸಿಕೊಂಡ ಗಟ್ಟಿ ಕೃತಿ. ರಾಬರ್ಟ್ ಆಲ್ಟ್‌ಮನ್ ನಿರ್ದೇಶಿಸಿದ, ಚಂದ್ರಯಾನದ ಕಥೆಯುಳ್ಳ ‘ಕೌಂಟ್‌ಡೌನ್’ ಚಿತ್ರಕ್ಕೆ ಕಾನ್ರಾಡ್ ಕಾರ್ಯನಿರ್ವಾಹಕ ನಿರ್ಮಾಪಕ. ಸ್ಟುಡಿಯೋದ ಒಡೆಯ ಜ್ಯಾಕ್ ವಾರ್ನರ್ ಈ ಅವಧಿಯಲ್ಲಿ ಈತನಿಗೆ ‘ದಿ ಮಾಲ್ಟೀಸ್ ಫಾಲ್ಕನ್’ (1941) ಚಿತ್ರದ ಸೀಸದ ಗಿಡುಗದ ಬೊಂಬೆಯನ್ನು ಉಡುಗೊರೆ ಕೊಟ್ಟಿದ್ದ. ಕಾನ್ರಾಡ್ ತೀರಿಕೊಂಡ ವರ್ಷದ ಡಿಸೆಂಬರ್‌ನಲ್ಲಿ ಅದು ಕ್ರಿಸ್ಟೀಸ್ ಹರಾಜಿನಲ್ಲಿ 3,98,500 ಡಾಲರಿಗೆ ಹೋಯಿತು.

ನಿರೂಪಣೆ

ಮುಖ ಬೇಡವೆಂದ ಟೆಲಿವಿಷನ್ ದನಿಯನ್ನು ಬಿಡಲು ಒಪ್ಪಲಿಲ್ಲ. ಜೇ ವಾರ್ಡ್ ನಿರ್ಮಿಸಿದ, ಹಾರುವ ಅಳಿಲು ಮತ್ತು ಮೂಸ್ ಜಿಂಕೆಯ ಕಾರ್ಟೂನ್ ಸರಣಿ ‘ರಾಕಿ ಅಂಡ್ ಹಿಸ್ ಫ್ರೆಂಡ್ಸ್’ 1959ರಲ್ಲಿ ಆರಂಭವಾಗಿ ಮುಂದೆ ‘ದಿ ಬುಲ್‌ವಿಂಕಲ್ ಷೋ’ ಆಗಿ 1964ರವರೆಗೆ ನಡೆಯಿತು. ಅದರಲ್ಲಿ ಏದುಸಿರು ಬಿಡುತ್ತ ಕಥೆ ಹೇಳುವ ನಿರೂಪಕ ಕಾನ್ರಾಡ್. ಜೂನ್ ಫೋರೇ, ಪಾಲ್ ಫ್ರೀಸ್, ಬಿಲ್ ಸ್ಕಾಟ್ ಉಳಿದ ದನಿಗಳು. ರೇಡಿಯೋ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಕಲಾವಿದರಿಗೆ ನೆಲೆ ಸಿಕ್ಕಿದ್ದು ಕಾರ್ಟೂನಿನಲ್ಲಿ.

ಇದರ ಪೂರಾ ವಿರುದ್ಧದ ನಿರೂಪಣೆ ‘ದಿ ಫ್ಯುಜಿಟಿವ್’ (1963–1967) ಧಾರಾವಾಹಿಯದು. ಹೆಂಡತಿಯನ್ನು ಕೊಂದ ಸುಳ್ಳು ಆಪಾದನೆ ಹೊತ್ತು ಊರೂರು ಅಲೆಯುವ ವೈದ್ಯನಾಗಿ ಡೇವಿಡ್ ಜಾನ್ಸನ್ ನಟಿಸಿದ್ದ. ಪ್ರತಿ ಕಂತಿಗೂ ಕಾನ್ರಾಡನ ಗಂಭೀರ ದನಿ ಒಂದು ನ್ಯಾಯತೀರ್ಪಿನ ತೂಕ ಕೊಡುತ್ತಿತ್ತು. 1967ರ ಆಗಸ್ಟ್ 29ರ ಕೊನೆಯ ಕಂತಿನಲ್ಲಿ ಆ ಓಟ ಮುಗಿಯಿತೆಂದು ಕೋಟ್ಯಂತರ ವೀಕ್ಷಕರಿಗೆ ತಿಳಿಸಿದ್ದೂ ಈ ದನಿಯೇ. ಎರಡೂ ಕೆಲಸ ಕೆಲಕಾಲ ಒಟ್ಟೊಟ್ಟಿಗೆ ನಡೆದವು. ಇವೆರಡೂ ಒಬ್ಬನದೇ ಕಂಠವೆಂದು ಮಕ್ಕಳಿಗಿರಲಿ, ದೊಡ್ಡವರಿಗೂ ಹೊಳೆಯುವುದು ಕಷ್ಟ.

ಕ್ಯಾನನ್ ಮತ್ತು ನಂತರ

1971ರಲ್ಲಿ, ಐವತ್ತರ ಪ್ರಾಯದಲ್ಲಿ, ಕಾನ್ರಾಡ್ ಕಡೆಗೂ ನಾಯಕನಾಗಿ ಕಿರುತೆರೆಗೆ ಬಂದ. ‘ದಿ ಫ್ಯುಜಿಟಿವ್’ ತಯಾರಿಸಿದ ಕ್ವಿನ್ ಮಾರ್ಟಿನ್ ಸಂಸ್ಥೆಯದೇ ‘ಕ್ಯಾನನ್’. ಲಾಸ್ ಏಂಜಲೀಸ್‌ನಲ್ಲಿ ಲಿಂಕನ್ ಕಾರು ಓಡಿಸಿಕೊಂಡು, ಒಳ್ಳೆಯ ಊಟ ಇಷ್ಟಪಡುವ ಫ್ರಾಂಕ್ ಕ್ಯಾನನ್ ಹಿಂದೆ ಪೊಲೀಸನಾಗಿದ್ದವನು. ಅವನು ದಢೂತಿ, ಮಧ್ಯವಯಸ್ಕ, ಓಡಿದರೆ ಏದುಸಿರು ಬರುತ್ತದೆ. ಆದರೂ ಓಡುತ್ತಾನೆ. ಹದಿನಾರು ವರ್ಷದ ಹಿಂದೆ ಯಾವ ಮೈಯನ್ನು ನೋಡಿ ಬಾಗಿಲು ಮುಚ್ಚಿತ್ತೋ ಆ ಮೈಯೇ ಈಗ ಪಾತ್ರದ ಗುರುತಾಯಿತು. ಐದು ಋತು, 122 ಕಂತುಗಳು ಬಂದವು. ಕಥೆಗಳು ಎಷ್ಟೋ ಸಲ ಒಂದೇ ಅಚ್ಚಿನವು. ಧಾರಾವಾಹಿಯನ್ನು ಎತ್ತಿ ಹಿಡಿದದ್ದು ಸಾಕ್ಷಿಯೊಬ್ಬನನ್ನು ಕೂರಿಸಿಕೊಂಡು ಮಾತಾಡಿಸುವಾಗ ಕಾನ್ರಾಡ್ ಕಿವಿಗೊಡುವ ರೀತಿ.

1981ರಲ್ಲಿ ರೆಕ್ಸ್ ಸ್ಟೌಟ್‌ನ ಸ್ಥೂಲಕಾಯದ ಪತ್ತೇದಾರ ನೀರೋ ವುಲ್ಫ್‌ನ ಪಾತ್ರ ಬಂತು. ಹದಿನಾಲ್ಕು ಕಂತಿಗೇ ಅದು ನಿಂತಿತು. ‘ಜೇಕ್ ಅಂಡ್ ದ ಫ್ಯಾಟ್‌ಮನ್’ (1987–1992) ಹೆಚ್ಚು ಬಾಳಿತು. ಅದರಲ್ಲಿ ಬುಲ್‌ಡಾಗ್ ನಾಯಿಯನ್ನು ಜೊತೆಗಿಟ್ಟುಕೊಂಡ ಗೊಣಗು ಸ್ವಭಾವದ ಸರ್ಕಾರಿ ವಕೀಲ ಈತ, ತನಿಖೆಗೆ ಓಡಾಡುವ ತರುಣ ಜೋ ಪೆನ್ನಿ. ನಿರೂಪಣೆಯೂ ನಿಲ್ಲಲಿಲ್ಲ: ‘ಸ್ಟಾರ್ ವಾರ್ಸ್’ ಚಿತ್ರ ತಯಾರಾದ ಬಗೆಗಿನ 1977ರ ಸಾಕ್ಷ್ಯಚಿತ್ರ, ‘ಬಕ್ ರೋಜರ್ಸ್’ ಧಾರಾವಾಹಿ ಮುಂತಾದುವು ಆಗಿನವು. ಮೂರು ಬಾರಿ ಮದುವೆಯಾಗಿದ್ದ ಕಾನ್ರಾಡನ ಕೊನೆಯ ಪತ್ನಿ ಟಿಪ್ಪಿ ಹಂಟ್ಲಿ, ಹೆಸರಾಂತ ಸುದ್ದಿವಾಚಕ ಚೆಟ್ ಹಂಟ್ಲಿಯ ವಿಧವೆ. 1994ರ ಫೆಬ್ರವರಿ 11ರಂದು ಲಾಸ್ ಏಂಜಲೀಸ್‌ನಲ್ಲಿ ಹೃದಯ ವೈಫಲ್ಯದಿಂದ ಕಾನ್ರಾಡ್ ತೀರಿಕೊಂಡಾಗ 73 ವರ್ಷ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ರೇಡಿಯೋ ಗೌರವ ಪಟ್ಟಿಗೆ ಈತನ ಹೆಸರು ಸೇರಿತು.

ರೇಡಿಯೋದ ‘ಗನ್‌ಸ್ಮೋಕ್’ ಮೊದಲೇ ಮುದ್ರಿಸಿ ಪ್ರಸಾರ ಮಾಡುತ್ತಿದ್ದ ನಾಟಕವಾದ್ದರಿಂದ ಅದರ ಬಹುಪಾಲು ಕಂತುಗಳು ಉಳಿದುಕೊಂಡಿವೆ, ಇಂದಿಗೂ ಕೇಳಸಿಗುತ್ತವೆ. ಹೊಸದಾಗಿ ಕೇಳುವವರು ‘ದಿ ಕ್ಯಾಬಿನ್’ನಿಂದ ಆರಂಭಿಸಬಹುದು. ಅದರ ನಂತರ ‘ಎಸ್ಕೇಪ್’ನ ಇರುವೆಗಳ ಕಥೆ, ಆಮೇಲೆ ‘ಸಿಬಿಎಸ್ ರೇಡಿಯೋ ವರ್ಕ್‌ಷಾಪ್’ ಮಾಲೆಯಲ್ಲಿ 1957ರ ಫೆಬ್ರವರಿ 10ರಂದು ಪ್ರಸಾರವಾದ ‘1489 ವರ್ಡ್ಸ್’. ಚಿತ್ರವೊಂದು ಸಾವಿರ ಮಾತಿಗೆ ಸಮ ಎಂಬ ನಂಬಿಕೆಗೆ ಉತ್ತರವಾಗಿ ಕಾನ್ರಾಡ್ ಕೇವಲ ದನಿಯಿಂದ ಚಿತ್ರಗಳನ್ನು ಕಟ್ಟಿದ ಕಾರ್ಯಕ್ರಮ ಅದು.